11 ನೋಟ್‌ಬುಕ್, ಒಂದೇ ಕೆರೆ: ಎಐ ಬರೆದ ಪ್ರಬಂಧಕ್ಕೆ ಅಂಕ ಕೊಡಬೇಕಾ?

ಸೀಮೆಸುಣ್ಣ · ಭಾನುವಾರ ರಾತ್ರಿ 9:12

ನಾನು ತುಮಕೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಒಂಬತ್ತನೇ ತರಗತಿಗೆ ಎಫ್‌ಎ (ವರ್ಷದ ನಡುವೆ ಅಂಕ ಹಾಕುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಅಂತ "ನಮ್ಮೂರಿನ ಕೆರೆ" ಬಗ್ಗೆ ಎರಡು ಪುಟ ಬರೆದುಕೊಂಡು ಬನ್ನಿ ಅಂದಿದ್ದೆ. 38 ಮಕ್ಕಳು. ಇವತ್ತು ತಿದ್ದೋಕೆ ಕೂತೆ. ಮೂರನೇ ನೋಟ್‌ಬುಕ್‌ಗೆ ಅನುಮಾನ ಬಂತು, ಏಳನೆಯದಕ್ಕೆ ಖಾತ್ರಿ ಆಯಿತು. ಒಟ್ಟು 11 ನೋಟ್‌ಬುಕ್‌ಗಳಲ್ಲಿ ನಮ್ಮೂರ ಕೆರೆಯಲ್ಲಿ ಹಂಸಗಳು ಈಜುತ್ತಿವೆ. ಕಮಲಗಳು ಅರಳಿವೆ. ಸಂಜೆ ತಂಗಾಳಿ "ಪ್ರವಾಸಿಗರ ಮನಸೂರೆಗೊಳ್ಳುತ್ತದೆ".

ನಮ್ಮೂರ ಕೆರೆ ಹೇಗಿದೆ ಅಂದರೆ, ಮುಕ್ಕಾಲು ಭಾಗ ಜಾಲಿ. ಉಳಿದ ಕಾಲು ಭಾಗ ಅಂತರಗಂಗೆ. ತೂಬಿನ ಹತ್ತಿರ ಎಮ್ಮೆ ತೊಳೆಯುತ್ತಾರೆ. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು, ಒಂದು ಹಂಸವನ್ನೂ ನೋಡಿಲ್ಲ, ಪ್ರವಾಸಿಗರನ್ನೂ ನೋಡಿಲ್ಲ.

ಒಬ್ಬ ಪುಣ್ಯಾತ್ಮ ಮೊದಲ ಸಾಲಲ್ಲೇ "ಖಂಡಿತ! ನಿಮ್ಮೂರಿನ ಕೆರೆಯ ಕುರಿತ ಪ್ರಬಂಧ ಇಲ್ಲಿದೆ" ಅಂತ ಬರೆದಿದ್ದಾನೆ. ಅದಕ್ಕೆ ಸ್ಕೇಲ್ ಇಟ್ಟು ಕೆಂಪು ಪೆನ್ನಲ್ಲಿ ಅಡಿಗೆರೆ ಬೇರೆ.

ಸೊನ್ನೆ ಕೊಡಲಾ? ಆದರೆ ಎರಡೆರಡು ಪುಟ ಕೈಯಲ್ಲೇ ಬರೆದಿದ್ದಾರೆ, ಅಕ್ಷರ ಮುತ್ತಿನ ಹಾಗಿದೆ. ಅದರಲ್ಲಿ ನಾಲ್ಕು ಮಕ್ಕಳು ಇಡೀ ವರ್ಷ ಎರಡು ಪುಟ ಬರೆದದ್ದೇ ಇದು ಮೊದಲ ಸಲ. ನೀವಾದರೆ ಏನು ಮಾಡುತ್ತೀರಿ?

ಬೈಟು ಕಾಫಿ

ಅಡಿಗೆರೆ ಹಾಕಿದವನಿಗೆ ಒಂದು ಅಂಕ ಜಾಸ್ತಿ ಕೊಡಿ ಮೇಡಂ. ಅವನೊಬ್ಬನೇ ಪ್ರಾಮಾಣಿಕ.

ಗಣಿತದ ಗೀಳು

ಇದರಲ್ಲಿ ಹೊಸದೇನಿದೆ ಅಂತ ಇಷ್ಟು ಗಾಬರಿ? ನಮ್ಮ ಕಾಲದಲ್ಲಿ ಗೈಡ್ ಇರಲಿಲ್ವಾ? "ನಾನು ಪ್ರಧಾನಿಯಾದರೆ" ಅಂತ ಬರೆಯೋಕೆ ಹೇಳಿದಾಗ ನಮ್ಮ ಸೆಕ್ಷನ್ನಿನ 60 ಜನವೂ ಪ್ರಧಾನಿಯಾಗಿ ಮೊದಲು ನದಿಗಳನ್ನು ಜೋಡಿಸಿದ್ದೆವು, ಆಮೇಲೆ ಭ್ರಷ್ಟಾಚಾರ ಒದ್ದೋಡಿಸಿದ್ದೆವು. ಅದೇ ಕ್ರಮದಲ್ಲಿ. ಮೇಷ್ಟ್ರು ಎಲ್ಲರಿಗೂ ಹತ್ತಕ್ಕೆ ಏಳು ಕೊಟ್ಟರು. ಕ್ಯಾಲ್ಕುಲೇಟರ್ ಬಂದಾಗಲೂ ಮಕ್ಕಳು ಮಗ್ಗಿ ಮರೆಯುತ್ತಾರೆ ಅಂತ ಕಿರುಚಾಡಿದ್ದರು.

ಹಳೇ ಮೇಷ್ಟ್ರು

ಮಗ್ಗಿ ಮರೆತೇ ಹೋಗಿದೆ ಸ್ವಾಮಿ. ಅಂಗಡಿಯಲ್ಲಿ 35 ರೂಪಾಯಿಗೆ 50 ಕೊಟ್ಟರೆ ಹುಡುಗ ಮೊಬೈಲ್ ತೆಗೆಯುತ್ತಾನೆ.

ಗೈಡ್ ಮತ್ತು ಇದು ಒಂದೇ ಅಲ್ಲ. ಗೈಡಿನ ಪ್ರಬಂಧ ನಮಗೂ ಬಾಯಿಪಾಠ ಇರುತ್ತಿತ್ತು. ಮೊದಲ ಸಾಲು ನೋಡಿದರೆ ಯಾವ ಗೈಡ್, ಎಷ್ಟನೇ ಪುಟ ಅಂತ ಹೇಳುತ್ತಿದ್ದೆವು. ಇದು ಕೇಳಿದ ಪ್ರತಿ ಸಲ ಬೇರೆ ಬೇರೆ ಬರೆಯುತ್ತೆ. ಮೇಡಂ ಹಂಸದಿಂದ ಹಿಡಿದರು. "ನಮ್ಮ ರಾಷ್ಟ್ರಧ್ವಜ" ಅಂತ ಕೊಟ್ಟಿದ್ದರೆ ಹಿಡಿಯೋಕೆ ಆಗುತ್ತಿತ್ತಾ?

ಮಾರಾಯ್ರೆ ಮಾರಾಯ್ರೆ

ಮಕ್ಕಳನ್ನು ಯಾಕೆ ಬೈಯ್ಯುತ್ತೀರಿ? ನನ್ನ ಮಗಳು ಎರಡನೇ ಕ್ಲಾಸು. ಕಳೆದ ತಿಂಗಳು ಅವಳಿಗೆ ಸೌರಮಂಡಲದ ಮಾಡೆಲ್ ಮಾಡಿಕೊಂಡು ಬರಲು ಹೇಳಿದ್ದರು. ಏಳು ವರ್ಷದ ಮಗು ಥರ್ಮಾಕೋಲ್ ಕೊಯ್ಯುತ್ತದಾ? ಕೊಯ್ದದ್ದು ನಾನು, ಬಣ್ಣ ಹಚ್ಚಿದ್ದು ಅವಳ ಅಮ್ಮ. ಶನಿಯ ಬಳೆ ಬಿದ್ದು ಹೋಗಿ ರಾತ್ರಿ ಹನ್ನೊಂದಕ್ಕೆ ಫೆವಿಕಾಲ್ ಹುಡುಕಿದ್ದೇವೆ. ಆಮೇಲೆ ಗೊತ್ತಾದದ್ದು, ನಮ್ಮ ಬೀದಿಯ ಸ್ಟೇಷನರಿ ಅಂಗಡಿಯಲ್ಲಿ ಸೌರಮಂಡಲ ರೆಡಿ ಸಿಗುತ್ತದಂತೆ. ಪ್ಲೂಟೊ ಬೇಕಾದರೆ ಹತ್ತು ರೂಪಾಯಿ ಜಾಸ್ತಿ. ಇಷ್ಟು ದಿನ ಅಪ್ಪ ಅಮ್ಮ ಮಾಡಿಕೊಟ್ಟದ್ದಕ್ಕೆ ಅಂಕ ಕೊಟ್ಟವರು ಈಗ ಮೊಬೈಲ್ ಮಾಡಿಕೊಟ್ಟದ್ದಕ್ಕೆ ಯಾಕೆ ಕೊಡಬಾರದು?

ಬೈಟು ಕಾಫಿ

ಪ್ಲೂಟೊನ 2006ರಲ್ಲೇ ಗ್ರಹದ ಲಿಸ್ಟಿಂದ ತೆಗೆದರಲ್ವಾ. ಅದಕ್ಕೇ ಎಕ್ಸ್‌ಟ್ರಾ ಚಾರ್ಜ್.

ಡೇಟಾ ದಾಸ

ಎಐ ಬರೆದದ್ದನ್ನು ಪತ್ತೆ ಹಚ್ಚೋ ಸೈಟ್‌ಗಳಿವೆ ಮೇಡಂ. ಒಂದು ಪ್ಯಾರಾ ಟೈಪ್ ಮಾಡಿ ಹಾಕಿದರೆ ಶೇಕಡ ಎಷ್ಟು ಅಂತ ಹೇಳುತ್ತವೆ. ಪ್ರಿಂಟ್ ತೆಗೆದು ನೋಟ್‌ಬುಕ್‌ಗೆ ಪಿನ್ ಮಾಡಿ, ಮಾತೇ ಬೇಡ.

ಅರ್ಧ ಸತ್ಯ

ದಯವಿಟ್ಟು ಆ ಕೆಲಸ ಮಾಡಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥ ಒಂದು ಟೂಲ್ ಬಿಟ್ಟಿತ್ತು. ಸರಿಯಾಗಿ ಪತ್ತೆ ಆಗುತ್ತಿಲ್ಲ ಅಂತ ಅವರೇ 2023ರ ಜುಲೈನಲ್ಲಿ ವಾಪಸ್ ತೆಗೆದರು. ಹೆತ್ತ ತಾಯಿಗೇ ಗುರುತು ಸಿಗದ ಮಗು ಅದು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಪರೀಕ್ಷಿಸಿ ನೋಡಿದಾಗ, ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಈ ಟೂಲ್‌ಗಳು "ಮಷೀನ್ ಬರೆದದ್ದು" ಅಂತ ಹೇಳಿದ್ದವು. ಇಂಗ್ಲಿಷಿಗೇ ಈ ಗತಿ. ಇನ್ನು ಒಂಬತ್ತನೇ ತರಗತಿಯ ಕನ್ನಡವನ್ನು ಅದಕ್ಕೆ ತಿನ್ನಿಸಿ, ಬಂದ ನಂಬರ್ ನಂಬಿ ಒಂದು ಹುಡುಗಿಗೆ ಕಳ್ಳಿ ಪಟ್ಟ ಕಟ್ಟಿದರೆ ಯಾರು ಹೊಣೆ?

ಡೇಟಾ ದಾಸ

ಸರಿ ಸರಿ, ಸಲಹೆ ವಾಪಸ್. ಆದರೆ ಬ್ಯಾನ್ ಅಂತೂ ಮಾಡಬಹುದಲ್ಲ.

ಅರ್ಧ ಸತ್ಯ

ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ ಮಾಡಿದ್ದರು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು, 2023ರ ಜನವರಿಯಲ್ಲಿ ಬ್ಯಾನ್, ಮೇ ತಿಂಗಳಲ್ಲಿ ಬ್ಯಾನ್ ತೆರವು. ಶಾಲೆಯ ವೈಫೈಯಲ್ಲಿ ಬಂದ್ ಮಾಡಿದರೆ ಮನೆಯಲ್ಲಿ ತೆರೆಯುತ್ತಾರೆ. ನಮ್ಮಲ್ಲಿ ಶಾಲೆಗೆ ವೈಫೈಯೇ ಇಲ್ಲ, ಬಂದ್ ಮಾಡುವುದಾದರೂ ಏನನ್ನ?

ರಾಯಚೂರ ಬಿಸಿಲು

ಮೇಡಂ, ನಿಮ್ಮ ಸಮಸ್ಯೆ ಕೇಳಿದರೆ ಹೊಟ್ಟೆಕಿಚ್ಚು ಬರುತ್ತೆ. ಮಕ್ಕಳು ಎರಡು ಪುಟ ನೋಡಿಕೊಂಡಾದರೂ ಬರೆಯುತ್ತಾರಲ್ಲ! ನಮ್ಮ ಕಡೆ ಎಂಟನೇ ತರಗತಿಗೆ ಬಂದ ಹುಡುಗ ಒತ್ತಕ್ಷರ ಕೂಡಿಸಿ ಓದಲ್ಲ. ನಾನಿರುವ ಸಾಲಿಯಲ್ಲಿ ಹೋದ ವರ್ಷ ಗಣಿತಕ್ಕೆ ಅತಿಥಿ ಶಿಕ್ಷಕರು ಬಂದದ್ದೇ ಆಗಸ್ಟ್‌ನಲ್ಲಿ. ಮಾರ್ಚ್‌ನಲ್ಲಿ ಮಾತ್ರ ಪರೀಕ್ಷಾ ಕೋಣೆಗೆ ಕ್ಯಾಮೆರಾ ತಪ್ಪದೇ ಬಂತು. ಎಸ್ಸೆಸ್ಸೆಲ್ಸಿಗೆ ವೆಬ್‌ಕಾಸ್ಟಿಂಗ್ ಅಂತ ಕ್ಯಾಮೆರಾದಲ್ಲಿ ನೇರ ನಿಗಾ ಇಟ್ಟರಲ್ಲ, ಏನಾಯಿತು ನೋಡಿ. 2023ರಲ್ಲಿ ಶೇ 83 ಇದ್ದ ಫಲಿತಾಂಶ 2024ರಲ್ಲಿ 53ಕ್ಕೆ ಬಿತ್ತು. ತಂತ್ರಜ್ಞಾನ ಅಂದರೆ ಇವರಿಗೆ ಕ್ಯಾಮೆರಾ ಒಂದೇ.

ಅಂಕಪಟ್ಟಿ

ಬಿಸಿಲು ಅವರೇ, ಸ್ವಲ್ಪ ತಿದ್ದುತ್ತೇನೆ. 2023ರದ್ದು ಶೇ 83.89. 2024ರಲ್ಲಿ ಪ್ರಕಟವಾದದ್ದು ಶೇ 73.40, ನೀವು ಹೇಳಿದ 53 ಅಲ್ಲ. ಆದರೆ ಆ 73 ಬಂದದ್ದು ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯೋಕೆ ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ. ಹಾಗಾಗಿ ನಿಮ್ಮ ಸಿಟ್ಟು ತಪ್ಪಲ್ಲ, ಅಂಕಿ ಮಾತ್ರ ತಪ್ಪು. ಮರುವರ್ಷ ಆ ಗ್ರೇಸ್ ಕೈಬಿಟ್ಟರು, ಪರೀಕ್ಷೆ-1ರ, ಅಂದರೆ ಆ ವರ್ಷದ ಮೊದಲ ಪರೀಕ್ಷೆಯ ಫಲಿತಾಂಶ ಶೇ 66ಕ್ಕೆ ಬಂತು.

ಗಣಿತದ ಗೀಳು

ಹಾಗಾದರೆ ಕ್ಯಾಮೆರಾ ಒಳ್ಳೆಯದನ್ನೇ ಮಾಡಿತಲ್ಲ? ನಿಜ ಹೊರಗೆ ಬಂತು. ಜ್ವರ ತೋರಿಸಿದ್ದಕ್ಕೆ ಥರ್ಮಾಮೀಟರ್ ಮೇಲೆ ಸಿಟ್ಟಾ?

ರಾಯಚೂರ ಬಿಸಿಲು

ಥರ್ಮಾಮೀಟರ್ ಇಟ್ಟವರು ಔಷಧಿ ಕೊಡಬೇಕಲ್ಲ ಸರ? ಇವರು ಜ್ವರ ನೋಡಿ, ಹುಡುಗನ ಕೈಗೆ "ಅನುತ್ತೀರ್ಣ" ಚೀಟಿ ಕೊಟ್ಟು ಮನೆಗೆ ಹೋದರು. 2024ರಲ್ಲಿ ಉಡುಪಿಗೆ ಶೇ 94, ಯಾದಗಿರಿಗೆ 50.59. ಎರಡೂ ಕಡೆ ಅದೇ ಕ್ಯಾಮೆರಾ, ಅದೇ ಪ್ರಶ್ನೆಪತ್ರಿಕೆ. ಆ ವರ್ಷ ಫೇಲಾದ ಹುಡುಗರು ಮೂರು ಪರೀಕ್ಷೆ ಬರೆಯಬಹುದಿತ್ತು, ಒಪ್ಪಿದೆ. ನಮ್ಮ ಹುಡುಗರು ಪರೀಕ್ಷೆ-2ಕ್ಕೆ ಬರುವ ಹೊತ್ತಿಗೆ ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬೆಂಗಳೂರಿನ ಯಾವುದೋ ಸೈಟಿನಲ್ಲಿ ಕಲ್ಲು ಹೊರುತ್ತಿರುತ್ತಾರೆ. ಫೋನ್ ಹಚ್ಚಿ ಹಚ್ಚಿ ಕರೆಸಬೇಕು. ಹೋದ ಸಲ ನಾನು ಇಬ್ಬರನ್ನು ಕರೆಸಿದೆ, ಬಸ್ ಚಾರ್ಜ್ ನಾನೇ ಹಾಕಿದೆ. ಒಬ್ಬ ಪಾಸಾದ.

ಬೈಟು ಕಾಫಿ

ಒಬ್ಬನಾದರೂ ಆದನಲ್ಲ ಗುರುಗಳೇ. ದೊಡ್ಡ ಕೆಲಸ.

ಚಳಿ ನಾಡಿನ ಕನ್ನಡಿಗ

ನಾನು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿದ್ದೇನೆ, ಊರು ಅರಸೀಕೆರೆ. ಇಲ್ಲಿ ಕತೆ ಉಲ್ಟಾ ಆಗಿದೆ. ನನ್ನ ದೊಡ್ಡ ಮಗ ಶಾಲೆ ಸೇರಿದಾಗ ಎಲ್ಲವೂ ಟ್ಯಾಬ್ಲೆಟ್. 2023ರಲ್ಲಿ ಸರ್ಕಾರ ಹಿಂದಕ್ಕೆ ಹೆಜ್ಜೆ ಇಟ್ಟಿತು. ಶಾಲೆಗಳಿಗೆ ಪಠ್ಯಪುಸ್ತಕ ಕೊಳ್ಳೋಕೆ ಅಂತಲೇ ಆ ವರ್ಷ 68.5 ಕೋಟಿ ಕ್ರೋನರ್ ತೆಗೆದಿಟ್ಟರು. ಚಿಕ್ಕ ಮಗಳು ಈಗ ಪೆನ್ಸಿಲ್ ಹಿಡಿದು ಬರೆಯುತ್ತಾಳೆ, ಕಾಗದದ ಪುಸ್ತಕ ಓದುತ್ತಾಳೆ. ಅವಳ ಅಣ್ಣನ ಅಕ್ಷರಕ್ಕಿಂತ ಇವಳದ್ದೇ ಚೆನ್ನಾಗಿದೆ. ನೀವೆಲ್ಲ ಸ್ಮಾರ್ಟ್ ಕ್ಲಾಸ್ ಅಂತ ಓಡುವ ಮೊದಲು ಓಡಿ ವಾಪಸ್ ಬಂದವರನ್ನು ಒಂದು ಮಾತು ಕೇಳಿ.

ರಾಯಚೂರ ಬಿಸಿಲು

ಉಂಡು ತೇಗಿದವರು ಉಪವಾಸದ ಮಹಿಮೆ ಹೇಳಿದ ಹಾಗಾಯಿತು. ನಮಗೆ ಟ್ಯಾಬ್ಲೆಟ್ ಅಂದರೆ ಇನ್ನೂ ಕಬ್ಬಿಣಾಂಶದ ಮಾತ್ರೆಯೇ.

ಚಳಿ ನಾಡಿನ ಕನ್ನಡಿಗ

ಹಹ್ಹಾ, ಬೈಸಿಕೊಂಡೆ. ಒಪ್ಪಿದೆ ಸರ್.

ಬೀಗದ ಕೈ

ನಾನೊಬ್ಬ ಹೆಡ್‌ಮಾಸ್ಟರ್. ನಮ್ಮ ಸ್ಮಾರ್ಟ್ ಕ್ಲಾಸಿನ ಟಿವಿಯ ಕತೆ ಕೇಳಿ. ದಾನಿಗಳು 65 ಇಂಚಿನ ಟಿವಿ ಕೊಟ್ಟರು. ಟೇಪು ಕತ್ತರಿಸಿದರು, ಫೋಟೊ ಆಯಿತು. ಕರೆಂಟು ಇದ್ದಾಗ ಆ ಕೋಣೆಯಲ್ಲಿ ಬೇರೆ ಕ್ಲಾಸು. ಕೋಣೆ ಖಾಲಿ ಇದ್ದಾಗ ಕರೆಂಟಿಲ್ಲ. ಯುಪಿಎಸ್ ಬ್ಯಾಟರಿ ಒಂದೂವರೆ ವರ್ಷಕ್ಕೆ ಕೂತುಬಿಟ್ಟಿತು, ಹೊಸದಕ್ಕೆ ಯಾವ ಅನುದಾನದಲ್ಲಿ ಖರ್ಚು ಹಾಕಬೇಕೋ ಗೊತ್ತಿಲ್ಲ. ಕಳವಾದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನೋ ಭಯಕ್ಕೆ ಬೀಗದ ಕೈ ನನ್ನ ಜೇಬಲ್ಲೇ ಇರುತ್ತೆ. ನನ್ನ ಹೆಂಡತಿ ಹಳೇ ಸೀರೆಯಲ್ಲಿ ಒಂದು ಹೊದಿಕೆ ಹೊಲಿದುಕೊಟ್ಟಿದ್ದಾಳೆ. ಮಕ್ಕಳು ಅದಕ್ಕೆ "ಟಿವಿ ಅಜ್ಜಿ" ಅಂತಾರೆ.

ಚಾಮರಾಜನಗರದ ಚುಕ್ಕಿ

ನಮ್ಮಲ್ಲಿ ಟಿವಿ ಅಜ್ಜಿಗಿಂತ ಹಿರಿಯರಿದ್ದಾರೆ. 2004ರಲ್ಲಿ ಇಸ್ರೋದವರು ಪಾಠಕ್ಕೆ ಅಂತಲೇ ಎಜುಸ್ಯಾಟ್ ಉಪಗ್ರಹ ಹಾರಿಸಿದರು. ನಮ್ಮ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಡಿಶ್ ಹಾಕಿದರು. ನಾನಾಗ ಐದನೇ ತರಗತಿ. ಆಕಾಶದಿಂದ ಪಾಠ ಬರುತ್ತೆ ಅಂತ ಮೊದಲ ದಿನ ನಮ್ಮೂರಿನ ಮುದುಕರೆಲ್ಲ ಬಂದು ಕಿಟಕಿ ಹತ್ತಿರ ನಿಂತಿದ್ದರು. ಪಾಠ ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅರ್ಥ ಆಗದೆ ಕೈ ಎತ್ತಿದರೆ ಟಿವಿಯಲ್ಲಿದ್ದ ಮೇಷ್ಟ್ರು ಮುಂದಕ್ಕೆ ಹೋಗಿಬಿಡುತ್ತಿದ್ದರು. ಆ ಛತ್ರಿ ನಮ್ಮ ಶಾಲೆಯ ತಾರಸಿ ಮೇಲೆ ತುಂಬಾ ವರ್ಷ ಇತ್ತು. ಮಳೆನೀರು ನಿಂತು ಕಾಗೆಗಳು ಸ್ನಾನ ಮಾಡುತ್ತಿದ್ದವು.

ಅಪ್ಪೆಮಿಡಿ

ಕೊರೊನಾ ಕಾಲ ನೆನಪಾಯಿತು. ನಮ್ಮ ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಮಕ್ಕಳು ಗುಡ್ಡ ಹತ್ತುತ್ತಿದ್ದರು. 2021ರಲ್ಲಿ ಸುಳ್ಯ ಕಡೆಯ ಒಂದು ಫೋಟೊ ಎಲ್ಲ ಕಡೆ ಓಡಾಡಿತ್ತಲ್ಲ, ರಸ್ತೆ ಬದಿ ಮಳೆಯಲ್ಲಿ ಮಗಳು ಮೊಬೈಲಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಜನ ಆ ಅಪ್ಪನನ್ನು ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಟವರ್ ಯಾಕಿಲ್ಲ ಅಂತ ಕೇಳಿದವರು ಕಮ್ಮಿ. ಅದಕ್ಕಿಂತ 2020ರ ವಿದ್ಯಾಗಮ ವಾಸಿ ಇತ್ತು. ಮೇಷ್ಟ್ರೇ ಊರಿಗೆ ಬಂದು ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡುತ್ತಿದ್ದರು. ಆಮೇಲೆ ಸೋಂಕಿನ ಭಯಕ್ಕೆ ನಿಲ್ಲಿಸಿದರು.

ಬೈಟು ಕಾಫಿ

ಟವರ್ ಈಗ ಬಂತಾ?

ಅಪ್ಪೆಮಿಡಿ

ಕಂಬ ಬಂದಿದೆ.

ಹಳೇ ಮೇಷ್ಟ್ರು

ಎಲ್ಲರೂ ಮಷೀನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಹೊಸ ವಿಚಾರ ಅಂದರೆ ಮಷೀನೇ ಆಗಬೇಕಾ? ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕೆಲಸ ಮಾಡಿದವನು. 1995ರಲ್ಲಿ ನಲಿ-ಕಲಿ ಅನ್ನೋ ಚಟುವಟಿಕೆಯ ಕಲಿಕಾ ಪದ್ಧತಿ ಶುರುವಾದದ್ದು ಅಲ್ಲೇ. ನಮ್ಮ ಕಡೆಯ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದರು. ಬಂದು ತಾವೇ ಕೂತು ರಟ್ಟಿನ ಕಾರ್ಡು ಬರೆದರು. ಪ್ರತಿ ಕಾರ್ಡಿಗೂ ಒಂದು ಚಿತ್ರ. ಮಗು ಗೋಡೆ ಮೇಲಿನ ಕಲಿಕಾ ಏಣಿ ನೋಡಿ, ತನ್ನ ಮೆಟ್ಟಿಲು ಯಾವುದು ಅಂತ ತಾನೇ ಹುಡುಕಿ, ಆ ಚಿತ್ರದ ಕಾರ್ಡು ತೆಗೆದುಕೊಂಡು ತನ್ನ ಗುಂಪಿನ ತಟ್ಟೆ ಇರುವ ಕಡೆ ಹೋಗಿ ಕೂರಬೇಕು. ಒಂದನೇ ಕ್ಲಾಸಿನ ಪಾಪು! ಕೆಲವು ಗುಂಪಿಗೆ ಮೇಷ್ಟ್ರು ಜೊತೆಗಿರಬೇಕು, ಕೆಲವಕ್ಕೆ ಅರ್ಧ ಸಹಾಯ, ಕೆಲವಕ್ಕೆ ಪಕ್ಕದ ಮಗುವೇ ಮೇಷ್ಟ್ರು, ಒಂದು ಗುಂಪು ತಾನಾಗೇ ಕಲಿಯುತ್ತೆ. ಹತ್ತು ದಿನ ಶಾಲೆ ತಪ್ಪಿಸಿದ ಮಗು ವಾಪಸ್ ಬಂದರೆ ಬಿಟ್ಟ ಮೆಟ್ಟಿಲಿಂದಲೇ ಶುರು. ಹಾಡಿಯ (ಕಾಡಿನ ಬುಡಕಟ್ಟು ಜನರ ಕೇರಿಯ) ಮಕ್ಕಳಿಗೆ ಇದು ಎಷ್ಟು ದೊಡ್ಡ ವಿಷಯ ಗೊತ್ತಾ? ಜೇನಿನ ಕಾಲಕ್ಕೆ ಅವರು ಕಾಡಿಗೆ ಹೋಗುತ್ತಿದ್ದರು. ಮೊದಲಾಗಿದ್ದರೆ ಬರುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು, ಮಗು ಶಾಲೆ ಬಿಡುತ್ತಿತ್ತು.

ಇವತ್ತು ಆ್ಯಪ್‌ನವರು "ನಿಮ್ಮ ಮಗುವಿನ ವೇಗಕ್ಕೆ ತಕ್ಕ ಕಲಿಕೆ" ಅಂತ ವರ್ಷಕ್ಕೆ ಸಾವಿರಾರು ರೂಪಾಯಿ ಕೀಳುತ್ತಾರೆ. ನಾವು ರಟ್ಟು, ಸ್ಕೆಚ್ ಪೆನ್ನು, ಸುತಲಿ ದಾರದಲ್ಲಿ ಮಾಡಿದ್ದೆವು. ಮಕ್ಕಳು ಬರೆದದ್ದನ್ನೆಲ್ಲ ದಾರಕ್ಕೆ ಸಿಕ್ಕಿಸಿ ತಲೆ ಮೇಲೆ ಚಪ್ಪರ ಕಟ್ಟುತ್ತಿದ್ದೆವು.

ಕಪ್ಪುಹಲಗೆ ಕವಿತಾ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಎಚ್.ಡಿ. ಕೋಟೆಯಲ್ಲಿ ನೀವೇ ಕಟ್ಟಿದ್ದು, ಹಾಗಾಗಿ ನಡೆಯಿತು. 2009-10ರಲ್ಲಿ ಇಡೀ ರಾಜ್ಯಕ್ಕೆ ಆದೇಶ ಬಂತು. ನಮಗೆ ಕೆಲವೇ ದಿನದ ತರಬೇತಿ ಕೊಟ್ಟು ಕಾರ್ಡಿನ ಡಬ್ಬ ಕೈಗೆ ಕೊಟ್ಟರು. ನಾನು ಒಬ್ಬಳೇ, ಒಂದರಿಂದ ಮೂರನೇ ತರಗತಿವರೆಗೆ 34 ಮಕ್ಕಳು ಒಂದೇ ಕೋಣೆಯಲ್ಲಿ. ಮಧ್ಯಾಹ್ನದ ಊಟದ ಲೆಕ್ಕ, ಆಮೇಲೆ ಬಂದ ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಬರೆಯೋದರಲ್ಲೇ ದಿನ ಮುಗಿಯುತ್ತಿತ್ತು. ನವಿಲಿನ ಕಾರ್ಡು ಕಳೆದುಹೋಗಿ ಆರು ಮಕ್ಕಳು ಒಂದು ವಾರ ಅದೇ ಮೆಟ್ಟಿಲಲ್ಲಿ ನಿಂತಿದ್ದರು. ಅಪ್ಪ ಅಮ್ಮಂದಿರು "ಪುಸ್ತಕವೇ ಇಲ್ಲ, ಬರೀ ಆಟ" ಅಂತ ಪಕ್ಕದೂರಿನ ಕಾನ್ವೆಂಟಿಗೆ ಸೇರಿಸಿದರು. ವಿಚಾರ ಚಿನ್ನದಂಥದ್ದು. ಆದರೆ ಮೇಲಿಂದ ಬಂದದ್ದೆಲ್ಲ ನಮ್ಮ ಹತ್ತಿರ ಬರುವಷ್ಟರಲ್ಲಿ ಒಂದು ರಿಜಿಸ್ಟರ್ ಆಗಿಬಿಡುತ್ತೆ.

ಹಳೇ ಮೇಷ್ಟ್ರು

ನವಿಲಿನ ಕಾರ್ಡು ನೀವೇ ಇನ್ನೊಂದು ಬರೆಯಬಹುದಿತ್ತಲ್ಲಮ್ಮ?

ಕಪ್ಪುಹಲಗೆ ಕವಿತಾ

ಬರೆದೆ ಮೇಷ್ಟ್ರೇ. ನನ್ನ ನವಿಲು ಕೋಳಿ ಹಾಗಿತ್ತು. ಮಕ್ಕಳು ಕೋಳಿ ಕಾರ್ಡಿನ ಜೊತೆ ಸೇರಿಸಿಬಿಟ್ಟರು.

ವೈವಾ ವೀರ

ಡಿಗ್ರಿ ಕಾಲೇಜಿನಿಂದ ಒಂದು ವರದಿ. ನಿಮ್ಮ ಒಂಬತ್ತನೇ ತರಗತಿಯ ಮಕ್ಕಳಾದರೂ ಕೈಯಲ್ಲಿ ಬರೆಯುತ್ತಾರೆ. ನಮ್ಮಲ್ಲಿ ಅಸೈನ್‌ಮೆಂಟ್ ಪಿಡಿಎಫ್‌ನಲ್ಲಿ ಬರುತ್ತೆ. ಓದಿದರೆ ಪ್ರತಿಯೊಬ್ಬನೂ ಪ್ರೊಫೆಸರ್. ನಾನು ಹೋದ ಸೆಮಿಸ್ಟರ್‌ನಿಂದ ಒಂದು ಕೆಲಸ ಮಾಡುತ್ತಿದ್ದೇನೆ. ಅಸೈನ್‌ಮೆಂಟ್ ತಗೊಂಡು, ಅವರದ್ದೇ ಪುಟದಿಂದ ಒಂದು ಪದ ಆರಿಸಿ, "ಇದರ ಅರ್ಥ ಏನಪ್ಪ?" ಅಂತ ಕೇಳುತ್ತೇನೆ. ಅಷ್ಟೇ. ಒಬ್ಬ "ಬಹುಆಯಾಮದ" ಅಂತ ನಾಲ್ಕು ಸಲ ಬರೆದಿದ್ದ. ಅರ್ಥ ಕೇಳಿದೆ. "ಸಾರ್, ಅದು ಒಳ್ಳೇದು ಅಂತ" ಅಂದ.

ತೊಂದರೆ ಏನಂದರೆ ನನಗೆ 140 ಜನ. ತಲೆಗೆ ಐದು ನಿಮಿಷ ಅಂದರೂ ಹತ್ತಿರ ಹತ್ತಿರ ಹನ್ನೆರಡು ಗಂಟೆ. ಆ ಸಮಯ ಯಾರೂ ಕೊಡಲ್ಲ. ಜೊತೆಗೆ ಸಿಲಬಸ್ ಕಾಟ ಬೇರೆ. 2021ರಲ್ಲಿ ಹೊಸ ಶಿಕ್ಷಣ ನೀತಿ (ಎನ್‌ಇಪಿ) ಅಂತ ನಾಲ್ಕು ವರ್ಷದ ಡಿಗ್ರಿ ಮಾಡಿದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ನನ್ನ ಹತ್ತಿರ ಒಂದೇ ಹೊತ್ತಿಗೆ ಎರಡು ಪದ್ಧತಿಯ ಮಕ್ಕಳಿದ್ದರು. ಯಾವ ಕ್ಲಾಸಿಗೆ ಯಾವ ಸಿಲಬಸ್ ಅಂತ ಬಾಗಿಲಲ್ಲಿ ನಿಂತು ಯೋಚನೆ ಮಾಡಿ ಒಳಗೆ ಹೋಗುತ್ತಿದ್ದೆ.

ಧ್ವಜಸ್ತಂಭ

ಎನ್‌ಇಪಿ ತೆಗೆದದ್ದು ಬರೀ ರಾಜಕೀಯ. ಆ ಪಕ್ಷದವರು ತಂದರು ಅಂತ ಈ ಪಕ್ಷದವರು

ಮಾಡರೇಟರ್

ಉಳಿದ ಮೂರು ಪ್ಯಾರಾ ಅಳಿಸಿದ್ದೇನೆ. ಪಕ್ಷದ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ತುಂಬಾ ಜನ ಕಾಯುತ್ತಿದ್ದಾರೆ.

ಇಂಡಿ ನಿಂಬೆ

ಎಲ್ಲರೂ ಎಐನ ಬೈಯ್ಯುತ್ತಿದ್ದೀರಿ. ನಾನೊಂದು ಬೇರೆ ಮಾತು ಹೇಳಲಾ? ನಾನು ಬಿಎಸ್ಸಿ ಎರಡನೇ ವರ್ಷ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್ ಅಂದ ಕೂಡಲೇ ಎಲ್ಲ ಇಂಗ್ಲಿಷ್. ಮೊದಲ ಮೂರು ತಿಂಗಳು ಫಿಸಿಕ್ಸ್ ಕ್ಲಾಸಿನಲ್ಲಿ ಬೋರ್ಡ್ ಮೇಲಿನ ಚಿತ್ರ ಮಾತ್ರ ಬರೆದುಕೊಂಡು ಬರುತ್ತಿದ್ದೆ. ಕೈ ಎತ್ತಿ ಕೇಳೋಕೆ ನಾಚಿಕೆ. ಪಕ್ಕದಲ್ಲಿ ಕೂತವರೆಲ್ಲ ಇಂಗ್ಲಿಷ್ ಮೀಡಿಯಂ, ನಕ್ಕರೆ?

ಈಗ ರಾತ್ರಿ ಹಾಸ್ಟೆಲ್‌ನಲ್ಲಿ ಮೊಬೈಲ್‌ಗೆ ಕೇಳುತ್ತೇನೆ. ಎಂಟ್ರೊಪಿ ಅಂದರೆ ಏನು ಅಂತ ಒಂಬತ್ತು ಸಲ ಕೇಳಿದ್ದೇನೆ. "ಇನ್ನೂ ಸುಲಭ ಮಾಡಿ ಹೇಳು", "ಅಡುಗೆಮನೆ ಉದಾಹರಣೆ ಕೊಡು", "ಮತ್ತೆ ಹೇಳು". ಒಂಬತ್ತನೇ ಸಲಕ್ಕೂ ಅದು "ಹೋದ ವಾರ ಹೇಳಿದ್ದೆನಲ್ಲ" ಅನ್ನಲಿಲ್ಲ. ಅದರ ಕನ್ನಡ ಎಡವಟ್ಟಾಗಿದೆ, ಒಪ್ಪುತ್ತೇನೆ. ಎನರ್ಜಿಗೂ ಶಕ್ತಿ ಅನ್ನುತ್ತೆ, ಪವರ್‌ಗೂ ಶಕ್ತಿ ಅನ್ನುತ್ತೆ. ಒಂದು ಲೆಕ್ಕ ಪೂರ್ತಿ ತಪ್ಪಿ, ಕೊನೆಗೆ ನನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಊರಿಂದ ತರಿಸಿ ನೋಡಿದೆ. ಅದರಲ್ಲಿ ಚೊಕ್ಕವಾಗಿ ಬರೆದಿದ್ದಾರೆ, ಎನರ್ಜಿ ಶಕ್ತಿ, ಪವರ್ ಸಾಮರ್ಥ್ಯ. ಈಗ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದುತ್ತೇನೆ.

ವೈವಾ ವೀರ

ತಂಗೀ, ನಿಮ್ಮಂಥವರು ನನ್ನ ಕ್ಲಾಸಿನಲ್ಲೂ ಎಷ್ಟು ಜನ ಇದ್ದಾರೋ. ನಾಳೆ ಪಾಠ ಮುಗಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳುವುದಿಲ್ಲ. ಎಲ್ಲರೂ ಆಯ್ತು ಅಂತಾರೆ, ನಾನೂ ನಂಬಿಕೊಂಡು ಬರುತ್ತೇನೆ.

ಗಣಿತದ ಗೀಳು

ನೋಡಿ, ನಾನು ಹೇಳಿದ್ದು ಇದನ್ನೇ.

ಅರ್ಧ ಸತ್ಯ

ನೀವು ಹೇಳಿದ್ದು ಕ್ಯಾಲ್ಕುಲೇಟರ್ ಬಗ್ಗೆ. ಈಕೆ ತಪ್ಪು ಹಿಡಿದದ್ದು ಪುಸ್ತಕದಿಂದ. ಕೈಯಲ್ಲಿ ಆ ಹಳೇ ಪುಸ್ತಕ ಇರದಿದ್ದರೆ?

ಸೀಮೆಸುಣ್ಣ · ಗುರುವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ, ಉತ್ತರ ಕೊಡೋಕೆ ತಡವಾಯಿತು. ಏನು ಮಾಡಿದೆ ಅಂತ ಹೇಳಿಬಿಡುತ್ತೇನೆ.

ಸೊನ್ನೆ ಕೊಡಲಿಲ್ಲ, ಅಂಕವನ್ನೂ ಕೊಡಲಿಲ್ಲ. ಸೋಮವಾರ ಕೊನೆಯ ಪೀರಿಯಡ್‌ನಲ್ಲಿ ಎಲ್ಲ 38 ಮಕ್ಕಳನ್ನೂ ಕೆರೆ ಏರಿ ಮೇಲೆ ಕರೆದುಕೊಂಡು ಹೋದೆ. ಶಾಲೆಯಿಂದ ಹತ್ತು ನಿಮಿಷದ ದಾರಿ. ಏರಿ ಮೇಲೆ ನಿಲ್ಲಿಸಿ, "ಹಂಸ ತೋರಿಸಿ" ಅಂದೆ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಕಿಸಕ್ಕನೆ ನಕ್ಕಳು, ಎಲ್ಲರೂ ಶುರು ಮಾಡಿದರು. ಅಷ್ಟರಲ್ಲಿ ಒಂದು ಎಮ್ಮೆ ನೀರಿಂದ ಎದ್ದು ಬಂದು ನಮ್ಮನ್ನೇ ನೋಡುತ್ತಾ ನಿಂತಿತು. "ಮಿಸ್, ಹಂಸ ಬಂತು" ಅಂದ ಹಿಂದಿನ ಬೆಂಚಿನವನು. ನಾನೂ ನಕ್ಕುಬಿಟ್ಟೆ, ಬೈಯ್ಯೋಕೆ ಆಗಲೇ ಇಲ್ಲ.

ಅಲ್ಲೇ ಹೊಸ ಪ್ರಶ್ನೆ ಕೊಟ್ಟೆ. ಈ ಕೆರೆ ಕೋಡಿ ಬಿದ್ದಾಗ ನಿಮ್ಮ ಮನೆಯಲ್ಲಿ ಯಾರು ಏನು ಮಾಡಿದರು? ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ. ಒಂದು ಪುಟ ಸಾಕು, ತಪ್ಪಿದ್ದರೂ ಪರವಾಗಿಲ್ಲ.

ಗಣಿತದ ಗೀಳು

ಮೇಡಂ, ಕೇಳಿದರೆ ಅದು ಅಜ್ಜಿಯನ್ನೂ ಹುಟ್ಟಿಸಿಕೊಡುತ್ತೆ.

ಸೀಮೆಸುಣ್ಣ

ಹುಟ್ಟಿಸಿದೆ ಸರ್! ಎರಡು ಸಿಕ್ಕವು. ಒಬ್ಬಳ ಅಜ್ಜಿ "ಬಾಲ್ಯದ ಸವಿನೆನಪುಗಳಲ್ಲಿ ಮಿಂದೆದ್ದರು" ಅಂತ ಇದೆ. ಆ ಅಜ್ಜಿ ನನಗೆ ಗೊತ್ತು, ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಮಿಂದೇಳುವ ಪೈಕಿ ಅಲ್ಲ. ಒಂದು ಕಟ್ಟು ದಂಟಿಗೆ ಎರಡು ರೂಪಾಯಿ ಕಮ್ಮಿ ಕೇಳಿದರೆ ನನ್ನನ್ನೇ ಮುಳುಗಿಸುತ್ತಾರೆ.

ಆದರೆ 11ರಿಂದ 2ಕ್ಕೆ ಬಂತಲ್ಲ. ಆ "ಖಂಡಿತ" ಹುಡುಗ ಬರೆದದ್ದನ್ನು ಇದ್ದ ಹಾಗೇ ಹಾಕುತ್ತೇನೆ, ಕಾಗುಣಿತ ಮಾತ್ರ ತಿದ್ದಿದ್ದೇನೆ. ಮೂಲದಲ್ಲಿ 23 ತಪ್ಪಿದ್ದವು.

"ನಮ್ಮಜ್ಜಿ ಹೇಳಿದ್ದು. ಕೆರೆ ಕೋಡಿ ಬಿದ್ದಾಗ ಊರವರೆಲ್ಲ ಬಾಗಿನ ಬಿಡೋಕೆ ಹೋದರು. ನಮ್ಮ ತಾತ ಮಾತ್ರ ಮೀನು ಹಿಡಿಯೋಕೆ ಹೋದರು. ಕೋಡಿ ನೀರಲ್ಲಿ ಕಾಲು ಜಾರಿ ಒಂದು ಚಪ್ಪಲಿ ಹೋಯಿತು. ಹೊಸ ಚಪ್ಪಲಿ. ಮೀನೂ ಸಿಗಲಿಲ್ಲ. ಅಜ್ಜಿ ಬೈದರು. ತಾತ ಒಂದು ಚಪ್ಪಲಿ ಇಟ್ಟುಕೊಂಡು ಇನ್ನೊಂದು ಸಿಗುತ್ತೆ ಅಂತ ಕೆರೆ ಬತ್ತಿದಾಗ ಹುಡುಕಿದರು. ಸಿಗಲಿಲ್ಲ. ತಾತ ಈಗ ಇಲ್ಲ. ಚಪ್ಪಲಿ ಅಟ್ಟದ ಮೇಲೆ ಇದೆ."

ಹಳೇ ಮೇಷ್ಟ್ರು

ಎಷ್ಟು ಕೊಟ್ಟಿರಿ?

ಸೀಮೆಸುಣ್ಣ

ಹದಿನೈದಕ್ಕೆ ಹದಿಮೂರು. ಎರಡು ಕಾಗುಣಿತಕ್ಕೆ ಕಳೆದೆ.

ಕಪ್ಪುಹಲಗೆ ಕವಿತಾ

ಮೊದಲ ಸಲವೇ ಸ್ವಂತವಾಗಿ ಬರೆದ 27 ಮಕ್ಕಳಿಗೆ ಏನು ಮಾಡಿದಿರಿ? ಅವರು ಎರಡು ಸಲ ಬರೆಯಬೇಕಾಯಿತು. ಅದು ನ್ಯಾಯವಾ?

ಸೀಮೆಸುಣ್ಣ

ಅಲ್ಲ. ಅವರಲ್ಲೊಬ್ಬಳು ಇದೇ ಮಾತನ್ನು ಮುಖದ ಮೇಲೆ ಕೇಳಿದಳು. ಎರಡರಲ್ಲಿ ಯಾವುದು ಚೆನ್ನಾಗಿದೆಯೋ ಅದಕ್ಕೆ ಅಂಕ ಹಾಕುತ್ತೇನೆ ಅಂದೆ. ಒಪ್ಪಿದಳು, ಆದರೆ ಮುಖ ಇನ್ನೂ ದಪ್ಪಗಿದೆ.

ರಾಯಚೂರ ಬಿಸಿಲು

ಮೇಡಂ, ಆ ಪ್ರಶ್ನೆಯನ್ನು ನಾನು ನಮ್ಮ ಸಾಲಿಯಲ್ಲಿ ಇಟ್ಟು ನೋಡುತ್ತೇನೆ. ನಮ್ಮಲ್ಲಿ ಕೆರೆಗಿಂತ ಕಾಲುವೆ ಸರಿ. ಎಡದಂಡೆ ಕಾಲುವೆಯ ಕೊನೆ ಭಾಗದವರು ನಾವು, ನೀರು ಬಂದ ದಿನವನ್ನು ತಾರೀಖು ಸಮೇತ ಹೇಳುತ್ತಾರೆ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ನಾನು ಬೋರ್ಡ್ ಮೇಲೆ ಬರೆಯುತ್ತೇನೆ, ಅದನ್ನೇ ಓದಿಸುತ್ತೇನೆ.

ಹಳೇ ಮೇಷ್ಟ್ರು

ಹಾಗೇ ಮಾಡಿ. ಬರೆದದ್ದನ್ನು ದಾರಕ್ಕೆ ಸಿಕ್ಕಿಸಿ ಚಪ್ಪರ ಕಟ್ಟಿ.

ಬೈಟು ಕಾಫಿ

ಅದೆಲ್ಲ ಇರಲಿ. ಅಟ್ಟದ ಮೇಲಿರೋದು ಎಡಗಾಲಿಂದಾ ಬಲಗಾಲಿಂದಾ?

ಸೀಮೆಸುಣ್ಣ

ನಾಳೆ ಕೇಳಿ ಹೇಳುತ್ತೇನೆ.